ಗಾಡಿಯ ಐಬು ಹೇಳಿದ ಮುದಕಪ್ಪ ಕಾಕಾ

ಮುದಕಪ್ಪ ಕಾಕಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅದು ವ್ಯಾಪಾರದ ಟವೆಲ್ಲು. ಮನಗೂಳಿಯ ಈ ಮನುಷ್ಯ ಆಯುಷ್ಯವೆಲ್ಲ ಎತ್ತಿನ ದಲಾಲಿ ಮಾಡಿದವ. ದನದ ಸಂತೆಯಲ್ಲಿ ಮಾರುವವನ ಕೈ ಹಿಡಿದು, ಮೇಲೆ ಟವೆಲ್ಲು ಹೊದಿಸಿ, ಒಳಗೆ ಬೆರಳು ಒತ್ತಿಯೇ ರೇಟು ಹೇಳುತ್ತಿದ್ದ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತಿತ್ತು. "ರೊಕ್ಕದ ಮಾತು ಮಂದಿ ಮುಂದ ಆಡಿದ್ರ ಕೊಡಾವ್ನೂ ಸಣ್ಣಾವ ಆಗ್ತಾನ, ತಗೊಳ್ಳಾವ್ನೂ ಸಣ್ಣಾವ ಆಗ್ತಾನ" ಎನ್ನುತ್ತಿದ್ದ.

ಕಾಕಾ ನಮ್ಮಪ್ಪನ ಗೆಳೆಯ. ಅಪ್ಪ ಹೋದ ಮೇಲೂ ಬಾಗೇವಾಡಿಯ ನಮ್ಮ ಮನೆಗೆ ಬಂದು ಹೋಗುವುದನ್ನು ಬಿಡಲಿಲ್ಲ. ಬಂದವನೇ, "ಏನ್ ಮಾಸ್ತರ, ಹುಡುಗೂರ್ನ ಇವತ್ತೆಷ್ಟು ಬಡದಿ?" ಎಂದು ಕೆಣಕುವುದು. ನಾನು ಹೈಸ್ಕೂಲು ಮಾಸ್ತರ, ಬಡಿಯುವುದಿಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಕಾಕಾನಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಅವ್ವನ ಕಿಡ್ನಿ ಕೈಕೊಟ್ಟವು. ಪ್ರತಿ ಸೋಮವಾರ, ಗುರುವಾರ ಡಯಾಲಿಸಿಸ್‌ಗೆ ವಿಜಯಪುರಕ್ಕೆ ಕರೆದೊಯ್ಯಬೇಕು. ನಮ್ಮ ಹಳೆಯ ಬಿಳಿ ಕಾರು ಒಂದು ದಿನ ಮರಳಿ ಬರುವಾಗ ಕುದ್ದು, ನಡುದಾರಿಯಲ್ಲಿ ನಿಂತುಬಿಟ್ಟಿತು. ರಣ ಬಿಸಿಲು, ಸುತ್ತ ಒಂದು ಗಿಡವಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಸೆರಗು ಕಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ಆ ಒಂದು ತಾಸು ನನ್ನ ವೈರಿಗೂ ಬರಬಾರದು. ಹಳೆಯದನ್ನು ಕೊಟ್ಟು, ಮೇಲೆ ರೊಕ್ಕ ಹಾಕಿ, ಗಟ್ಟಿಮುಟ್ಟಾದ ಗಾಡಿ ತರಲೇಬೇಕಿತ್ತು. ಕೈಯಲ್ಲಿದ್ದದ್ದು ಎರಡು ಲಕ್ಷ. ಕಾಕಾನನ್ನು ಕರೆದೆ.

"ನನಗ ನಾಕ ಕಾಲಿಂದು ಗೊತ್ತು, ನಾಕ ಗಾಲಿಂದು ಗೊತ್ತಿಲ್ಲೋ" ಎಂದ. ಆದರೂ ಬಂದ.

ವಿಜಯಪುರದಲ್ಲಿ ಹಳೆ ಗಾಡಿ ಮಾರುವ ಸಾಹುಕಾರನ ಅಂಗಳದಲ್ಲಿ ಫಳಫಳ ಹೊಳೆಯುವ ಕೆಂಪು ಕಾರೊಂದಿತ್ತು. ನನ್ನ ಕಣ್ಣು ಅದರ ಮೇಲೆಯೇ. ಸಾಹುಕಾರ ನಮ್ಮ ಬಿಳಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಅರವತ್ತು ಸಾವಿರ ಹಿಡಿಯುತ್ತೇನೆಂದ. ನನಗೆ ಒಳಗೊಳಗೇ ಖುಷಿ. ಅಷ್ಟರಲ್ಲಿ ಕಾಕಾ ಬಾಯಿ ತೆರೆದ.

"ಸಾವ್ಕಾರ್ರ, ಇದು ಹತ್ತು ಹರದಾರಿ ಹೋಗೂದ್ರಾಗ ಕುದೀತೈತ್ರಿ. ಮೊನ್ನಿ ಈ ಮಾಸ್ತರನ ಅವ್ವನ್ನ ಬಿಸಲಾಗ ಕೆಡವೇತಿ. ನೋಡಿ ರೇಟ್ ಹಚ್ಚರಿ."

ಅರವತ್ತು ನಲವತ್ತಾಯಿತು! ಕಾಕಾನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. "ಕಾಕಾ, ನೀ ಯಾರ ಕಡಿ ದಲಾಲಿ? ಇಪ್ಪತ್ತು ಸಾವಿರ ನೀರಾಗ ಹಾಕಿದೆಲ್ಲೊ!"

"ಐಬು ಮುಚ್ಚಿ ಎತ್ತು ಮಾರಿದಾವ ಮುಂದಿನ ಸಂತಿಗೆ ಯಾವ ಮಾರಿ ಹೊತ್ಕೊಂಡು ಹೋಗ್ಬೇಕು? ತಡಿ, ಗಡಬಡ ಮಾಡಬ್ಯಾಡ" ಎಂದವನೇ ಹೊಳ್ಳಿ ಹೋಗಿ ಸಾಹುಕಾರನ ಮುಂದೆ ನಿಂತ. "ನಮ್ಮ ಗಾಡಿ ಐಬು ನಾ ಹೇಳೀನ್ರಿ. ಈಗ ನಿಮ್ಮ ಕೆಂಪಂದು ನೀವು ಹೇಳ್ರಿ. ಪೇಶಂಟ್ ಹೆಣ್ಮಗಳು ಕುಂದ್ರೂ ಗಾಡಿ ಐತಿ."

ಸಾಹುಕಾರ ಕುತ್ತಿಗೆ ಒರೆಸಿಕೊಳ್ಳುತ್ತ, "ಕೆಂಪು ಬ್ಯಾಡ್ರಿ ಕಾಕಾ. ಅದು ಹೊಳಿ ನೀರಾಗ ಮುಳುಗಿ ಎದ್ದಿದ್ದೈತಿ. ಈ ಬೂದಿ ಬಣ್ಣದ್ದು ನೋಡ್ರಿ, ನೋಡಾಕ ಅಷ್ಟಕ್ಕಷ್ಟ, ಆದ್ರ ಒಬ್ಬ ಡಾಕ್ಟರ್ ಜ್ವಾಕಿಲೆ ಓಡಿಸಿದ್ದು" ಎಂದ.

ಆ ಕೆಂಪನ್ನು ನಾನು ತಂದೇಬಿಡುತ್ತಿದ್ದೆ.

ಕಾಕಾ ಬೂದಿ ಕಾರಿನ ಬೆನ್ನು ತಡವಿದ, ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದ, "ನಾಕ ಹೆಜ್ಜಿ ನಡಸ್ರಿ" ಎಂದ. ಸಾಹುಕಾರನ ಬೆಲೆ ಎರಡು ಲಕ್ಷ ಅರವತ್ತು ಸಾವಿರ. ನಮ್ಮ ನಲವತ್ತು ಕಳೆದರೂ ನನಗೆ ಇಪ್ಪತ್ತು ಕಡಿಮೆ. ಆಗ ಟವೆಲ್ಲು ಹೆಗಲಿಂದ ಇಳಿಯಿತು. ಸಾಹುಕಾರ ಗೊಳ್ಳೆಂದು ನಕ್ಕ. ಅವನಪ್ಪನೂ ಎತ್ತಿನ ವ್ಯಾಪಾರಿಯಂತೆ. ಇಬ್ಬರೂ ಕೈ ಕೊಟ್ಟುಕೊಂಡು, ಮುಖದಲ್ಲಿ ಏನೂ ತೋರಿಸದೆ, ಹವಾಮಾನದ ಮಾತಾಡುತ್ತ ನಿಂತರು. ನಾನು ಆ ಟವೆಲ್ಲನ್ನೇ ನೋಡುತ್ತ ಬೆವತುಹೋದೆ.

ಟವೆಲ್ಲು ಸರಿಯಿತು. "ನಿನ್ನ ಗಾಡಿ, ಮ್ಯಾಲ ಒಂದು ಲಕ್ಷ ತೊಂಬತ್ತು ಸಾವಿರ. ಹತ್ತು ಸಾವಿರ ಅವ್ವನ ಔಷಧಕ್ಕ ಇರ್ಲಿ."

ದಲಾಲಿ ಕೊಡಲು ಹೋದೆ. "ಅದನ್ನ ಮುಟ್ಟಿದ್ರ ಕೈಯಾಗ ಹುಳಾ ಬೀಳ್ತಾವು, ಒಳಗಿಡು" ಎಂದು ಬೈದ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಸಾಹುಕಾರನಿಗೆ, "ನಿಮ್ಮ ಮಾತಿನ ಮ್ಯಾಲ ಒಯ್ಯಾಕತ್ತೇನಿ. ಇದು ನಿಂತ್ರ ನಾ ಸುಳ್ಳಾವ ಆಗ್ತೇನಿ" ಎಂದ.

ಬೂದಿ ಕಾರು ನಮಗೆ ಒಗ್ಗಿತು. ವಾರಕ್ಕೆರಡು ಸಲ ಅದೇ ದಾರಿ; ಅವ್ವ ಈಗ ಮುಂದಿನ ಸೀಟಿನಲ್ಲೇ ಕೂರುತ್ತಾಳೆ.

ಹೋದ ತಿಂಗಳು ಕಾಕಾ ತೀರಿಕೊಂಡ. ಮುಂಜಾನೆ ಜಳಕ ಮಾಡಿ ಕೂತವನು ಏಳಲಿಲ್ಲವಂತೆ. ಹೋಗಿ ಮಣ್ಣು ಕೊಟ್ಟು ಬಂದೆ. ಮುಂದಿನ ಸೋಮವಾರ ಮನಗೂಳಿ ಹತ್ತಿರ ಬಂದಾಗ ಅವ್ವ, "ಇಲ್ಲಿ ಒಂಚೂರು ನಿಲ್ಲಸು" ಎಂದಳು. ಏನಾಯಿತೋ ಎಂದು ಗಾಬರಿಬಿದ್ದು ನಿಲ್ಲಿಸಿದೆ. ರಸ್ತೆ ಬದಿಯ ಚಾದಂಗಡಿಯವ ಓಡಿಬಂದ.

"ಕಾಕಾ ಸೋಮವಾರ, ಗುರುವಾರ ಇಲ್ಲೇ ಬೆಂಚಿನ ಮ್ಯಾಲ ಕುಂದರ್ತಿದ್ರಿ ಸರ. ನಿಮ್ಮ ಗಾಡಿ ದಾಟೂತನಕ ಚಾ ಮುಟ್ತಿರ್ಲಿಲ್ಲ. ಸಂಜಿಕ ಮತ್ತ ಬರ್ತಿದ್ರು, ಅದು ಹೊಳ್ಳಿ ಬಂದದ್ದ ನೋಡೇ ಮನಿಗೆ ಹೋಗ್ತಿದ್ರು."

ಎರಡು ವರ್ಷ! ನಾನು ಒಂದು ದಿನವೂ ನೋಡಿರಲಿಲ್ಲ.

"ನನಗ ಗೊತ್ತಿತ್ತು," ಎಂದಳು ಅವ್ವ. "ಅಂವಾ ಕೈ ಮಾಡ್ತಿದ್ದ, ನಾನೂ ಮಾಡ್ತಿದ್ದೆ. ನೀ ದಾರಿ ನೋಡಾವ, ನಿನಗ್ಯಾಕ ಹೇಳ್ಬೇಕು?"

ಹೊತ್ತಾಗುತ್ತಿತ್ತು. ಗಾಡಿ ಹೊರಡಿಸಿದೆ. ಅವ್ವ ಗಾಜು ಇಳಿಸಿ, ಆ ಖಾಲಿ ಬೆಂಚಿನ ಕಡೆ ಕೈ ಮಾಡಿದಳು.