ನಾಣ್ಯ ಹೂಳದ ದಿಣ್ಣೆ

ಶರಣಪ್ಪ, ಅಬ್ಬಿಗೆರೆಯ ದಿಣ್ಣೆಯಲ್ಲಿ ನೀನು ಹೆಕ್ಕಿದ ಬೆಣಚುಕಲ್ಲಿನ ಅಲಗುಗಳಲ್ಲಿ ಕೆಲವನ್ನು ಒಡೆದು ಮಾಡಿದವಳು ನಾನು. ಶಿಲಾಯುಗದವರಲ್ಲ, ನೀನಂತೂ ಅಲ್ಲವೇ ಅಲ್ಲ. ಅದು ಗೊತ್ತಿದ್ದೂ ಸುಮ್ಮನಿದ್ದೆ—ಇಲ್ಲ, ಸುಮ್ಮನಿದ್ದೆ ಎನ್ನುವುದೂ ಸುಳ್ಳು. ನಿನ್ನ ವಿರುದ್ಧ ಬರೆದೆ.

ನಾವಿಬ್ಬರೂ ಪುರಾತತ್ತ್ವದ ವಿದ್ಯಾರ್ಥಿಗಳಾಗಿದ್ದ ಕಾಲ. ಆದಿಮಾನವರನ್ನು ಅರಿಯಬೇಕಾದರೆ ಅವರಂತೆ ಕಲ್ಲು ಒಡೆದು ನೋಡಬೇಕು ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಜೊತೆಗೊಂದು ಕಟ್ಟಪ್ಪಣೆ: ಒಡೆದ ಚೂರುಗಳೊಂದಿಗೆ ಈ ಕಾಲದ ಒಂದು ನಾಣ್ಯವನ್ನೂ ಹೂಳಬೇಕು—ಮುಂದೆ ಅಗೆಯುವವರು ಮೋಸಹೋಗದಿರಲೆಂದು. ಅಬ್ಬಿಗೆರೆಯಲ್ಲಿ ನನ್ನಜ್ಜಿಯ ಮನೆಯ ಹಿಂದಿನ ದಿಣ್ಣೆಯ ಮೇಲೆ ಕೂತು ನಾನು ಕೈ ಪಳಗಿಸಿಕೊಂಡೆ. "ಇಂಗೇ ಕಲ್ಲು ಕುಟ್ಕೊಂಡ್ ಕೂತ್ರೆ ನಿನ್ನ ಯಾವನೇ ಕಟ್ಕೊಂತಾನೆ?" ಎಂದು ಅಜ್ಜಿ ನಗುತ್ತಿದ್ದಳು. ಒಂದು ಅಲಗು ಹೆಬ್ಬೆರಳನ್ನೇ ಸೀಳಿತು. ಅಷ್ಟು ಹದವಾಗಿ ಬಂದಿತ್ತು. ಅಲಗುಗಳನ್ನು ಅಲ್ಲೇ ಹೂತೆ, ನಾಣ್ಯ ಹೂಳಲಿಲ್ಲ. ಮರೆವಲ್ಲ, ಅಹಂಕಾರ—ಯಾರಾದರೂ ಒಮ್ಮೆ ಇವನ್ನು ನಿಜವೆಂದು ನಂಬಲಿ ಎಂಬ...

ನಂಬಿದವನು ನೀನು. ಯಾದಗಿರಿಯ ಕಡೆಯಿಂದ ಬಂದು, ಗಂಗಾನಗರದ ಬಾಡಿಗೆ ಕೋಣೆಯಲ್ಲಿ ಅರೆಹೊಟ್ಟೆ ಉಂಡು ಸಂಶೋಧನೆ ನಡೆಸುತ್ತಿದ್ದವನು. ಅದು ನನ್ನಜ್ಜಿಯ ಮನೆಯ ಹಿಂದಿನದೆಂದು ತಿಳಿಯದೆ, ಮಳೆ ಕೊರೆದ ಆ ದಿಣ್ಣೆಯಿಂದ ಒಂದು ತಟ್ಟೆಯ ತುಂಬ ಅಲಗು ತಂದು ನನ್ನ ಮುಂದಿಟ್ಟೆ. "ಚೈತ್ರಾ, ಮುಟ್ಟಿ ನೋಡವಾ! ಬಿತ್ತೋದು ಕಲಿಯೂ ಮೊದಲ ಕಾಡುತೆನಿ ಕೊಯ್ದ ಕುಡಗೋಲಿನ ಹಲ್ಲು ಇವು!"

ಮುಟ್ಟಿದೆ. ತಟ್ಟೆಯಲ್ಲಿ ಎರಡು ಬಗೆಯವಿದ್ದವು. ಕೆಲವು ನನ್ನವು—ಬೆರಳು ಬಿಟ್ಟರೆ ಬೇರೇನನ್ನೂ ಕೊಯ್ಯದವು. ಉಳಿದವು ಬೇರೆ. ಅವುಗಳ ಅಂಚು ಸವೆದಿತ್ತು. ಹುಲ್ಲು ಕೊಯ್ದು ಕೊಯ್ದು ಬಂದ ಮಂದ ಹೊಳಪಿತ್ತು. ನೀನು ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಎರಡನ್ನೂ ಬೇರೆ ಮಾಡಬಲ್ಲವಳು ನಾನೊಬ್ಬಳೇ. "ಚೆನ್ನಾಗಿವೆ ಕಣೋ" ಎಂದೆ.

ಯಶವಂತಪುರಕ್ಕೆ ಮೆಟ್ರೊ ಬಂದ ವರ್ಷ, ವಿಚಾರ ಸಂಕಿರಣದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ಅಲಗುಗಳಲ್ಲೊಂದನ್ನೇ ಎತ್ತಿಕೊಂಡು ಬೆಳಕಿಗೆ ಹಿಡಿದರು. "ಇದು ಮೊನ್ನೆ ಮೊನ್ನೆ ಒಡೆದಿದ್ದು ಕಣಯ್ಯಾ. ಒಂದು ಸುಳ್ಳಾದ್ರೆ ತಟ್ಟೆಯೆಲ್ಲ ಸುಳ್ಳು." ಸಭೆ ನಿನ್ನನ್ನು ನೋಡಿತು. ನೀನು ನನ್ನನ್ನು ನೋಡಿದೆ. ನಾನು ಹೆಬ್ಬೆರಳಿನ ಕಲೆಯನ್ನು ಮುಷ್ಟಿಯೊಳಗೆ ಮಡಚಿದೆ.

ಅಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಆ ದಿಣ್ಣೆ ಯಾರ ಮನೆಯ ಹಿಂದಿನದು ಎಂದು ಯಾರಾದರೂ ಕೇಳಿದರೆ—? ವಿದ್ಯಾರ್ಥಿ ಪತ್ರಿಕೆಯ ಸಂಪಾದಕಿ ನಾನು. ಎಲ್ಲರಿಂದಲೂ ಲೆಕ್ಕ ಕೇಳುವವಳೆಂದು ಹೆಸರಾದವಳು. ಮುಖಪುಟದಲ್ಲಿ ಬರೆದೆ: "ಈ ಕಲ್ಲುಗಳನ್ನು ಒಡೆದವರು ಯಾರು? ಸಂಶೋಧಕ ಉತ್ತರಿಸಲಿ." ಬೆರಳು ತೋರಿಸುವವರ ಕೈಯನ್ನು ಯಾರೂ ಪರೀಕ್ಷಿಸುವುದಿಲ್ಲ. ನೀನು ಸಂಶೋಧನೆ ಬಿಟ್ಟು ಹೋದೆ.

ಈ ವರ್ಷ ಹಮಾಲರ ಕೂಲಿಯ ಬಗ್ಗೆ ಬರೆಯಲೆಂದು ಯಶವಂತಪುರದ ಮಾರುಕಟ್ಟೆಗೆ ಹೋಗಿದ್ದೆ—ಹೌದು, ಈಗಲೂ ಉತ್ತರದಾಯಿತ್ವ ಕೇಳುವುದೇ ನನ್ನ ಕಸುಬು. ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತನಾಗಿ ಕೂತಿದ್ದೆ ನೀನು. ನೀನೇ ಚಹಾ ತರಿಸಿದೆ. ವ್ಯಂಗ್ಯದ ಎಳೆಯೂ ಇಲ್ಲದೆ ಕೇಳಿದೆ: "ಆವತ್ತ ಭಾರಿ ಬರದಿದ್ದಿ ನೋಡವಾ. ಕಲ್ಲು ಒಡದಾಂವ ಸಿಕ್ಕನೇನು ಕಡೀಗೆ?"

"ಇಲ್ಲ" ಎಂದೆ. ಚಹಾ ಕುಡಿದು ಮುಗಿಸಿದೆ.

ದಿಣ್ಣೆಯನ್ನು ನಮ್ಮವರು ಮಾರಿದರು. ಅಲ್ಲೀಗ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಇನ್ನು ಅಗೆದು ನೋಡುವಂತಿಲ್ಲ. ಉಳಿದಿರುವುದು ಆ ತಟ್ಟೆಯೊಂದೇ, ವಿಭಾಗದ ಕಪಾಟಿನಲ್ಲಿ, 'ನಕಲಿ' ಎಂಬ ಚೀಟಿಯ ಕೆಳಗೆ. ಕಳೆದ ವಾರ ಹೋಗಿ ನೋಡಿ ಬಂದೆ. ಒಡೆದವಳು ನಾನೆಂದು ಮೊದಲು ನಿನಗೇ ಹೇಳಬೇಕಿತ್ತು. ಅಷ್ಟು ಧೈರ್ಯವೂ ಇರಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ, ಅದೇ ಪತ್ರಿಕೆಗೆ, ನನ್ನ ಹೆಸರು ಹಾಕಿ.

ಇದು ಅಚ್ಚಾದ ದಿನ ಆ ತಟ್ಟೆಯನ್ನು ಅದೇ ಸಭಾಂಗಣದ ಮೇಜಿನ ಮೇಲೆ ಇಡಿಸಿ, ನನ್ನವನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತೇನೆ. ನೀನು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ತಟ್ಟೆಯಲ್ಲಿ ಉಳಿಯುವವು ನಿನ್ನವು, ಶರಣಪ್ಪ. ಅವು ನಿಜ.