ನಾಲಿಗೆಯ ಕೆಳಗಿನ ಗುಳಿಗೆ

ಪ್ರತಿ ಗುರುವಾರ ಬೆಳಿಗ್ಗೆ ನಾನು, ನನ್ನ ಗಂಡ ಕೊಟ್ಟೂರಿನಲ್ಲಿ ಹರಪನಹಳ್ಳಿ ಬಸ್ಸು ಹತ್ತುತ್ತಿದ್ದೆವು. ಮದುವೆಯಾಗಿ ಆರು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಅದಕ್ಕೇ ಔಷಧಿಗೆ ಹೋಗುತ್ತಾರೆ ಎಂದು ಓಣಿಯವರು ತಿಳಿದಿದ್ದರು. ನಾವೂ ಹೌದೆಂದಿದ್ದೆವು. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು.

"ಏನಬೇ, ಈ ಸಲನಾದ್ರೂ ಹುಳಿ ತಿನ್ನಂಗ ಆಗೈತೇನು?"

ಬಸ್ಸಿನಲ್ಲಿ ನನ್ನ ಗಂಡ ಮೆಲ್ಲಗೆ, "ಇನ್ನೆರಡು ವಾರ ಹೋದ್ರ ಆ ಮುದುಕಿ ತೊಟ್ಟಿಲಾನೂ ತಂದು ಕಟ್ಟತಾಳ ನೋಡು," ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಮಾತ್ರ ಡಾಕ್ಟರು ಇವತ್ತು ಬಂದಿರುತ್ತಾರೋ ಇಲ್ಲವೋ ಎಂಬ ದಿಗಿಲು.

ನನ್ನ ಗಂಡನಿಗೆ ಹಿಡಿದಿದ್ದು ನೋವಿನ ಇಂಜೆಕ್ಷನ್ನಿನ ಚಟ. ನಮ್ಮದು ಹಿಟ್ಟಿನ ಗಿರಣಿ. ಜೋಳದ ಚೀಲ ಎತ್ತುವಾಗ ಸೊಂಟ ಹಿಡಿಯಿತು, ಕಾಂಪೌಂಡರ್ ಒಬ್ಬ ಮನೆಗೇ ಬಂದು ಸೂಜಿ ಹಾಕಿದ. ಸೊಂಟ ವಾಸಿಯಾದರೂ ಸೂಜಿ ನಿಲ್ಲಲಿಲ್ಲ. ತಾವೇ ಚುಚ್ಚಿಕೊಳ್ಳುವುದನ್ನು ಕಲಿತರು. ಎರಡು ವರ್ಷದಲ್ಲಿ ತೊಡೆಯ ತುಂಬ ಗಂಟುಗಳಾದವು. ಒಂದು ದಿನ ಸಿಗದಿದ್ದರೆ ಮೂಗು ಸೋರುತ್ತಿತ್ತು, ಹೊಟ್ಟೆ ಕಡಿಯುತ್ತಿತ್ತು, ಮೈ ನಡುಗುತ್ತಿತ್ತು. ಹೊಳೆ ದಂಡೆಯ ಒಂದು ಊರಿನಲ್ಲಿ ಕುಡಿತ ಬಿಡಿಸುವ ಬೇರು ಕೊಡುತ್ತಾರೆಂದು ಅಲ್ಲಿಗೂ ಹೋಗಿ ಬಂದೆವು. ಬೇರು ತಿಂದು ಮೂರು ದಿನ ವಾಂತಿ ಮಾಡಿಕೊಂಡರು, ನಾಲ್ಕನೆಯ ದಿನ ಮತ್ತೆ ಸೂಜಿ.

ಕೊನೆಗೆ ದಾರಿ ಹೇಳಿದವನು ಔಷಧಿ ಅಂಗಡಿಯವನೇ. ಸೂಜಿ ಮಾರುತ್ತಿದ್ದವನೂ ಅವನೇ.

"ಅಕ್ಕಾರ, ನಾ ಹೇಳೀನಂತ ಯಾರ ಮುಂದೂ ಅನಬ್ಯಾಡ್ರಿ. ಗುರುವಾರಕ್ಕೊಮ್ಮೆ ಹರಪನಹಳ್ಳಿಗೆ ದಾವಣಗೆರೆಯಿಂದ ಒಬ್ರು ಡಾಕ್ಟ್ರು ಬರ್ತಾರ. ಇದಕ್ಕ ಬ್ಯಾರೆ ಗುಳಿಗಿ ಐತಂತ."

ಆ ಡಾಕ್ಟರು ಬೈಯಲಿಲ್ಲ. ಗುಳಿಗೆಯನ್ನು ನುಂಗಬಾರದು, ನಾಲಿಗೆಯ ಕೆಳಗಿಟ್ಟುಕೊಂಡು ಕರಗಲು ಬಿಡಬೇಕು. ಅಲ್ಲಿಯವರೆಗೆ ನೀರು ಕುಡಿಯಬಾರದು, ಮಾತೂ ಆಡಬಾರದು ಎಂದರು. ಒಂದು ವಾರದ್ದನ್ನು ಮಾತ್ರ, ನನ್ನ ಕೈಗೇ ಕೊಟ್ಟರು.

"ಸಕ್ಕರೆ ಕಾಯಿಲೆಯೋರು ಗುಳಿಗೆ ತಗಳಲ್ವೇನಮ್ಮ, ಇದೂ ಹಂಗೇ. ನಾನು ಹೇಳೋತನಕ ನಿಲ್ಲಿಸಬೇಡಿ. ನಡುವೆ ಬಿಟ್ಟು, ಆಮೇಲೆ ಮೊದಲಿನಷ್ಟೇ ಚುಚ್ಚಿಕೊಂಡ್ರೆ ಉಸಿರೇ ನಿಂತೋಗಬಹುದು."

ಈ ಮಾತನ್ನು ನಾನು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಬಾಯಿಪಾಠ ಮಾಡಿಕೊಂಡೆ.

ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತೀರ್ಥ ತಗೊಂಡು, ಅವರು ಹಿತ್ತಲ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು. ಗುಳಿಗೆ ಇಟ್ಟುಕೊಂಡ ಮೇಲೆ ಹತ್ತು ನಿಮಿಷ ಮೌನ. ನಾನು ಸೊಪ್ಪು ಸೋಸುತ್ತಾ ಪಕ್ಕದಲ್ಲೇ ಇರುತ್ತಿದ್ದೆ. ಅತ್ತೆಗೆ ಸೂಜಿಯ ವಿಷಯ ಗೊತ್ತಿತ್ತು, ಗುಳಿಗೆಯದು ಗೊತ್ತಿರಲಿಲ್ಲ.

"ಯಾಕಪಾ, ಮಾತಾಡಿದ್ರ ಬಾಯಾಗಿನ ಮುತ್ತು ಉದುರ್ತಾವೇನು?" ಎಂದು ಒಳಗಿನಿಂದ ಕೇಳುತ್ತಿದ್ದರು. ಇವರು ನನ್ನತ್ತ ಕಣ್ಣು ಮಿಟುಕಿಸುತ್ತಿದ್ದರು. ನಾಲ್ಕು ತಿಂಗಳಲ್ಲಿ ಕೆನ್ನೆ ತುಂಬಿಕೊಂಡವು. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಮತ್ತೆ ಗಿರಣಿಯಿಂದ ಊಟಕ್ಕೆ ಬರತೊಡಗಿದರು.

ಶ್ರಾವಣದ ಒಂದು ಸೋಮವಾರ ಮೆಂತ್ಯೆಯ ಡಬ್ಬಿಯಲ್ಲಿ ನಾನು ಬಚ್ಚಿಟ್ಟಿದ್ದ ಗುಳಿಗೆ ಅತ್ತೆಯ ಕೈಗೆ ಸಿಕ್ಕವು. ಇವರು ಪೂಜೆಗೆ ಕೂತಿದ್ದರು, ಅಂಗೈಯಲ್ಲಿ ಲಿಂಗವಿತ್ತು.

"ಚುಚ್ಚೋದು ಬಿಟ್ಟು ನುಂಗೋದು ಹಿಡಿದಿ. ಎರಡೂ ಒಂದ!"

"ನುಂಗೋದಲ್ಲಬೇ ಯವ್ವಾ, ನಾಲಿಗಿ ಕೆಳಗ ಇಟಗೊಳ್ಳೋದು..."

"ಕೆಳಗ ಇಟ್ರೇನು, ಮ್ಯಾಲ ಇಟ್ರೇನು! ಕೈಯಾಗ ಲಿಂಗ ಐತಿ. ಇನ್ನ ಮುಟ್ಟಂಗಿಲ್ಲಂತ ಹೇಳು."

ನಮ್ಮ ಮನೆಯಲ್ಲಿ ಅಂಗೈಯಲ್ಲಿ ಲಿಂಗವಿದ್ದಾಗ ಕೊಟ್ಟ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇವರು ನನ್ನ ಕಡೆ ನೋಡಿದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಡಾಕ್ಟರ ಮಾತು ಅಕ್ಷರ ಅಕ್ಷರ ನೆನಪಿತ್ತು. ಆದರೆ ಬಸ್ಸು, ಸುಳ್ಳು, ಬಚ್ಚಿಡುವುದು ಎಲ್ಲದರಿಂದ ನನಗೂ ಸಾಕಾಗಿತ್ತು. ಈಗ ಚೆನ್ನಾಗಿಯೇ ಇದ್ದಾರಲ್ಲ, ಉಳಿದದ್ದನ್ನು ಲಿಂಗವೇ ನೋಡಿಕೊಳ್ಳಲಿ ಅನ್ನಿಸಿತು. ರೊಟ್ಟಿ ಮಗುಚಿ ಹಾಕಿದೆ.

"ಮುಟ್ಟಂಗಿಲ್ಲ," ಅಂದರು.

ಆ ಗುರುವಾರ ನಾವು ಹೋಗಲಿಲ್ಲ. ಮೂರ್ನಾಲ್ಕು ದಿನಕ್ಕೆ ಮತ್ತೆ ಮೂಗು ಸೋರತೊಡಗಿತು. "ಬರ್ರಿ, ಹೋಗಿ ಬರೋಣು," ಎಂದು ಗುಟ್ಟಾಗಿ ಕರೆದೆ.

"ಲಿಂಗ ಹಿಡಿದು ಹೇಳೀನಿ. ನೀನೂ ಅಲ್ಲೇ ಇದ್ದೆಲ್ಲ."

ಮುಂದೆ ಪ್ರತಿದಿನ ನಾನು ಗಿರಣಿಯ ಸದ್ದಿಗೇ ಕಿವಿಗೊಟ್ಟು ಕೆಲಸ ಮಾಡುತ್ತಿದ್ದೆ. ಕಾಳು ಬೀಳುತ್ತಿದ್ದರೆ ಅದರ ಸದ್ದು ತುಂಬಿದ ಗಂಟಲಿನ ಹಾಗಿರುತ್ತದೆ. ಕಾಳು ಮುಗಿದರೆ ಬರೀ ಕಲ್ಲುಗಳು ಉಜ್ಜಿ ಕಿರುಚುತ್ತವೆ. ಮೂರನೆಯ ವಾರ, ಒಂದು ಮಧ್ಯಾಹ್ನ ಆ ಕಿರುಚಾಟ ನಿಲ್ಲಲೇ ಇಲ್ಲ. ಓಡಿದೆ. ಹಿಟ್ಟು ಬೀಸಿಸಲು ಬಂದ ಹೆಂಗಸೊಬ್ಬಳು ಹೊರಗೆ ನಿಂತು, "ಎಷ್ಟು ಕೂಗಿದ್ರೂ ಓ ಅನವಲ್ಲ ನಿನ್ನ ಗಂಡ," ಎಂದು ಗೊಣಗುತ್ತಿದ್ದಳು. ಅವರು ಚೀಲಗಳಿಗೆ ಒರಗಿ ಕೂತಿದ್ದರು. ಸೂಜಿ ಇನ್ನೂ ತೊಡೆಯಲ್ಲಿತ್ತು. ತುಟಿ ನೀಲಿಯಾಗಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅತ್ತೆ, ನಾನು ಅದರ ಬಗ್ಗೆ ಒಂದು ಮಾತೂ ಆಡದೆ ಒಂದೂವರೆ ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡು ಉಂಡೆವು. ಒಂದು ದಿನ ಹಿಂದಿನ ಓಣಿಯ ಹೆಂಗಸು ಬಂದು ಬಾಗಿಲಲ್ಲೇ ನಿಂತಳು. ಅವಳ ತಮ್ಮನಿಗೂ ಅದೇ ಸೂಜಿ.

"ಹರಪನಹಳ್ಳ್ಯಾಗ ಯಾರೋ ಡಾಕ್ಟ್ರು ಅದಾರಂತಲ್ರಿ? ಮನ್ಯಾಗ ಅಂತಾರ, ಲಿಂಗ ಹಿಡಿಸಿ ಆಣಿ ಮಾಡಿಸಿದ್ರ ಸಾಕು, ಗುಳಿಗಿ ಯಾಕಂತ."

ಆಣೆಯ ದಿನದ ಹಾಗೆಯೇ ನಾನು ಒಲೆಯ ಕಡೆ ತಿರುಗಿದೆ. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು.

"ಸಾಲಂಗಿಲ್ಲವ್ವ. ಡಾಕ್ಟ್ರು ಬಿಡು ಅನ್ನೋತನಕ ಗುಳಿಗಿ ಬಿಡಿಸಬ್ಯಾಡ."

ಡಾಕ್ಟರ ಮಾತನ್ನು ಅವರಿಗೆ ನಾನು ಎಂದೂ ಹೇಳಿರಲಿಲ್ಲ. ಯಾರಿಂದ ಕೇಳಿ ತಿಳಿದರೋ, ಯಾವಾಗ ತಿಳಿದರೋ. ಸಿಪ್ಪೆ ಕೊಡವಿ ಎದ್ದು ಒಳಗೆ ಹೋಗುವಾಗ ನನ್ನ ಪಕ್ಕದಲ್ಲಿ ಒಂದು ಗಳಿಗೆ ನಿಂತರು.

"ನೀನೂ ಅಕಿ ಜೋಡಿ ಹೋಗು," ಅಂದರು. "ಗುರುವಾರ ರೊಟ್ಟಿ ನಾ ಬಡೀತೀನಿ."