ಬರೇ ಬಣ್ಣದ ಕಾಯಿ

ನನ್ನ ಮೊಣಕಾಲಿಗೆ ಆಪರೇಷನ್ ಆದಾಗ ನೋಡಲು ಬಂದ ನೆಂಟರಲ್ಲಿ ಒಬ್ಬರೂ ಮತ್ತೆ ಯಾವಾಗ ಕರಾಟೆಗೆ ಹೋಗುತ್ತೀ ಎಂದು ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಕೆಳಗ ಕುಂದ್ರಾಕ ಬರತೈತೇನು?" ಮದುವೆಯಾದ ಹೆಂಗಸಿಗೆ ದೇವರು ಮೊಣಕಾಲು ಕೊಟ್ಟಿರುವುದು ರೊಟ್ಟಿ ಬಡಿಯಲು ಕೂರುವುದಕ್ಕೆ, ನೆಲ ಒರೆಸುವುದಕ್ಕೆ, ಹಿರಿಯರ ಕಾಲಿಗೆ ಬೀಳುವುದಕ್ಕೆ. ಅದನ್ನು ಒದೆಯಲಿಕ್ಕೆ ಬಳಸಿದರೆ ಇನ್ನೇನಾಗುತ್ತದೆ ಎಂಬುದು ನಮ್ಮ ಅತ್ತೆಯ ತೀರ್ಮಾನ.

ನಾನು ಕರಾಟೆ ಕಲಿತದ್ದು ತವರೂರು ಹಾವೇರಿಯಲ್ಲಿ. ಒಂದು ಶಾಲೆಯ ಹಾಲ್‌ನಲ್ಲಿ ಸಂಜೆ ಕ್ಲಾಸು ನಡೆಯುತ್ತದೆ. ಹೈಸ್ಕೂಲಿನಲ್ಲಿದ್ದಾಗ ಸೇರಿದವಳು, ಲಗ್ನವಾಗಿ ಬ್ಯಾಡಗಿಗೆ ಬಂದ ಮೇಲೂ ಬಿಡಲಿಲ್ಲ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜೊಂದರ ಆಫೀಸಿನಲ್ಲಿ ನನ್ನ ಕೆಲಸ. ಅದು ಮುಗಿದದ್ದೇ ಬಸ್ಸು ಹತ್ತಿ ಹಾವೇರಿಗೆ ಹೋಗುತ್ತಿದ್ದೆ. ಸಂಸಾರಸ್ಥರ ಮನೆಯ ಸೊಸೆ ದಿನಾ ಸಂಜೆ ಚೀಲ ಹಿಡಿದು ಹೊರಟರೆ ಓಣಿಯವರು ಏನು ಆಡಿಕೊಂಡಾರು ಎಂಬುದು ನನಗೂ ಗೊತ್ತಿತ್ತು. ಆಡಿಕೊಳ್ಳಲಿ ಎಂದು ಬಿಟ್ಟಿದ್ದೆ.

ನಮ್ಮ ಸರ್‌ ಅವರ ಕ್ಲಾಸಿನಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ, ಆದರೆ ಎಲ್ಲರಿಗೂ ಗೊತ್ತು. ಸಾಲಿನಲ್ಲಿ ನಿಂತವರೆಲ್ಲ ಅವರಿಗೆ 'ನೀ'. ಒಂದು ವರ್ಷ ಪೊಲೀಸ್ ಸಾಹೇಬರೊಬ್ಬರು ಕಲಿಯಲು ಬಂದಿದ್ದರು. ಬೆಲ್ಟು ಕಟ್ಟಿ ಸಾಲಿಗೆ ನಿಂತ ಕೂಡಲೇ ಸರ್ ಅವರಿಗೂ "ಏ, ಹೊಟ್ಟಿ ಒಳಗ ತೊಗೋ" ಅಂದರು. ಗೋಡೆ ಪಕ್ಕ ಕುರ್ಚಿಗಳಿದ್ದವು, ಮಕ್ಕಳನ್ನು ಕರೆತರುವ ತಾಯಂದಿರಿಗೆ. ಕುರ್ಚಿಯವರು ಎಷ್ಟೇ ಸಣ್ಣವರಿರಲಿ, ಅವರಿಗೆ ಮಾತ್ರ "ಬರ್ರಿ, ಕುಂದ್ರಿ ಅಕ್ಕಾರ." ಸಾಲಿಗೆ ಬೈಗುಳ, ಕುರ್ಚಿಗೆ ಮರ್ಯಾದೆ.

ನನ್ನ ಪಾಲಿನ ಬೈಗುಳ ಬೇರೆಯೇ ಇತ್ತು. ಬ್ಯಾಡಗಿ ಮೆಣಸಿನಕಾಯಿ ಕೆಂಪಿಗೆ ಹೆಸರಾದದ್ದು, ಖಾರ ಅಷ್ಟಕ್ಕಷ್ಟೇ. ವ್ಯಾಪಾರಸ್ಥರು ಹೆಮ್ಮೆಯಿಂದ ಹೇಳುವ ಈ ಮಾತನ್ನೇ ಸರ್ ನನ್ನ ಮೇಲೆ ತಿರುಗಿಸಿದ್ದರು. ನನ್ನ ಒದೆ ಚಂದ ಕಂಡು ಬಲ ಕಡಿಮೆಯಾದರೆ ಹಾಲ್‌ನ ಆ ತುದಿಯಿಂದ ಕೂಗುತ್ತಿದ್ದರು: "ಬ್ಯಾಡಗಿ ಕಾಯಿ. ಬರೇ ಬಣ್ಣ. ಖಾರ ಎಲ್ಲಿಟ್ಟು ಬಂದಿ?" ಎಲ್ಲರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಮುಂದಿನ ಒದೆ ಗಟ್ಟಿ ಬೀಳುತ್ತಿತ್ತು. ಗಂಡನ ಊರಿನಿಂದ ನನಗೆ ಸಿಕ್ಕ ಆಸ್ತಿ ಅಂದರೆ ಅದೊಂದೇ ಬೈಗುಳ.

ಕಾಲು ಹೋದದ್ದು ಅಂಥ ಒಂದು ಗಟ್ಟಿ ಒದೆಯಲ್ಲೇ. ಎದುರಿಗಿದ್ದವಳು ಅಗಡಿಯಿಂದ ಬರುವ ಕಾಲೇಜು ಹುಡುಗಿ. ಮುಷ್ಟಿ ಕಟ್ಟುವುದರಿಂದ ಹಿಡಿದು ಅವಳಿಗೆ ಹೇಳಿಕೊಟ್ಟವಳು ನಾನೇ. ನಾನು ತಿರುಗಿದೆ, ನೆಲದ ಮೇಲಿದ್ದ ಪಾದ ತಿರುಗಲಿಲ್ಲ. ಒಳಗೆ ಕಟ್ಟಿಗೆ ಮುರಿದಂತೆ ಸದ್ದಾಯಿತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ನೀವು ನಕ್ಕರೂ ಸರಿ, ಅಲ್ಲಿ ನೆಲದ ಫರಸಿ ಕಲ್ಲೊಂದು ಎದ್ದಿತ್ತು. ಇವತ್ತಿಗೂ ಎದ್ದೇ ಇದೆ.

ರಾಣೆಬೆನ್ನೂರಿನಲ್ಲಿ ಆಪರೇಷನ್ ಆಯಿತು. ಮೊಣಕಾಲಿನೊಳಗೆ ಹರಿದುಹೋದ ಲಿಗಮೆಂಟಿನ ಜಾಗಕ್ಕೆ ನನ್ನದೇ ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಕೂರಿಸಿದರು. ಡಾಕ್ಟರು ನನ್ನ ಗಂಡನ ಮುಂದೆ ಹೇಳಿದ್ದು, "ವರ್ಷದ ಮಟಾ ಕರಾಟೆ ಬ್ಯಾಡ" ಅಂತ, ಅಂದರೆ ವರ್ಷ ತುಂಬುವವರೆಗೆ. ಆ ಮಾತು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬರುವಷ್ಟರಲ್ಲಿ 'ವರ್ಷದ ಮಟಾ' ದಾರಿಯಲ್ಲೇ ಇಳಿದುಹೋಯಿತು. ಮನೆ ಮುಟ್ಟಿದ್ದು "ಕರಾಟೆ ಬ್ಯಾಡ ಅಂದಾರ" ಎಂಬುದಷ್ಟೇ. ನಾನು ಎಷ್ಟು ತಿದ್ದಿದರೂ ಅದು ತಿದ್ದಿಕೊಳ್ಳಲಿಲ್ಲ. ಕೇಳುವವರಿಗೆ ಅಷ್ಟೇ ಸಾಕಿತ್ತು.

ಮೆಣಸಿನಕಾಯಿ ಸೀಸನ್ನಿನಲ್ಲಿ ಅದರ ಧೂಳಿಗೆ ಬ್ಯಾಡಗಿ ಊರಿಗೆ ಊರೇ ಸೀನುತ್ತದೆ. ಕಾಲು ಚಾಚಿ ಬಿದ್ದವಳಿಗೆ ಒಂದು ಸೀನು ಬಂದರೆ ಮೊಣಕಾಲಿನ ಹೊಲಿಗೆಯೆಲ್ಲ ಎಳೆದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಪಾದಕ್ಕೆ ಓಢಣಿ ಸುತ್ತಿಕೊಂಡು ಮೆಲ್ಲಗೆ ಎಳೆದು ಮೊಣಕಾಲು ಮಡಚುವ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಹಲ್ಲು ಕಚ್ಚಿ ಅದನ್ನು ಮಾಡುತ್ತಿದ್ದರೆ ಬಾಗಿಲಲ್ಲಿ ನಿಂತ ಅತ್ತೆ, "ಕುಂಟಗ ಎಂಟು ಚೇಷ್ಟಿ ಅಂತ ಸುಳ್ಳ ಅಂದಿಲ್ಲ" ಎಂದು ಒಳಗೆ ಹೋಗುತ್ತಿದ್ದರು. ಹಾಗೆಂದು ಅವರು ಕೆಟ್ಟವರಲ್ಲ. ಅದೇ ಅತ್ತೆ ನನ್ನನ್ನು ಹಿಡಿದು ಬಚ್ಚಲಿಗೆ ಕರೆದೊಯ್ದರು, ಬೆನ್ನು ತಿಕ್ಕಿದರು. ಇದೆಲ್ಲ ಮತ್ತೆ ಒದೆಯುವುದಕ್ಕೆ ಎಂಬುದೊಂದು ಮಾತ್ರ ಅವರ ತಲೆಗೆ ಹೋಗಲಿಲ್ಲ. ನನಗೋ ಬೇರೆ ಏನೂ ಬೇಕಿರಲಿಲ್ಲ. ಆ ಸಾಲಿನಲ್ಲಿ ನನ್ನ ಜಾಗ ನನಗೆ ಬೇಕಿತ್ತು. ಒಂದು ತೊಡೆ ಸೊರಗಿ ಇನ್ನೊಂದರ ಅರ್ಧಕ್ಕೆ ಇಳಿದಿತ್ತು. ಅದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲದೆ.

ವರ್ಷ ಕಳೆದು ಡಾಕ್ಟರು ಹೂಂ ಅಂದರು. ಮರುದಿನವೇ ಬೆಲ್ಟು ಚೀಲದಲ್ಲಿ ಹಾಕಿಕೊಂಡು ಹಾವೇರಿಗೆ ಹೋದೆ. ಹಾಲ್‌ನ ಬಾಗಿಲು ದಾಟುತ್ತಿದ್ದಂತೆ ಸರ್ ನೋಡಿದರು, ಮುಖ ಅರಳಿತು. "ಬರ್ರಿ, ಬರ್ರಿ. ಕುಂದ್ರಿ ಅಕ್ಕಾರ" ಅಂದರು.

ನನ್ನ ಹಿಂದೆ ಯಾರೋ ಬಂದಿರಬೇಕು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಕೂರಲು ಬಂದಿಲ್ಲ ಸರ್, ನಿಲ್ಲಲು ಬಂದಿದ್ದೇನೆ ಅಂದೆ. "ನಿಲ್ರಿ, ಯಾರು ಬ್ಯಾಡ ಅಂತಾರ" ಎಂದು ನಕ್ಕರು. ಸಾಲಿನ ಬಲತುದಿಯ ನನ್ನ ಜಾಗದಲ್ಲಿ ಅಗಡಿಯ ಹುಡುಗಿ ನಿಂತಿದ್ದಳು. ಅವಳು ಸರಿಯಲು ಹೋದಳು, ನಾನೇ ಬೇಡ ಎಂದು ಹಿಂದೆ ನಿಂತೆ. ಕ್ಲಾಸು ಶುರುವಾಗುವುದು ಎಲ್ಲರೂ ಮಂಡಿಯೂರಿ ಕೂತು ತಲೆಬಾಗುವುದರಿಂದ. ನನ್ನ ಮೊಣಕಾಲು ಅಷ್ಟು ಮಡಚುವುದಿಲ್ಲ, ಇನ್ನು ಮಡಚುವುದೂ ಇಲ್ಲ. ನಿಂತೇ ಬಾಗೋಣ ಎಂದುಕೊಳ್ಳುವಷ್ಟರಲ್ಲಿ ಸರ್ ಸ್ವತಃ ಗೋಡೆ ಪಕ್ಕದ ಕುರ್ಚಿಯೊಂದನ್ನು ಎತ್ತಿ ತಂದು ನನ್ನ ಹಿಂದೆ ಇಟ್ಟರು. ಗುರು ತಂದಿಟ್ಟ ಕುರ್ಚಿಗೆ ಬೇಡ ಎನ್ನುವುದು ಹೇಗೆ? ಕೂತೆ. ಆವತ್ತಿನಿಂದ ಆ ಕುರ್ಚಿ ನನ್ನ ಬೆನ್ನು ಬಿಡಲಿಲ್ಲ.

ವಾರಗಟ್ಟಲೆ ಹೋದೆ. ನಾನು ತಪ್ಪು ಮಾಡಿದರೆ ಸರ್ ಬೇರೆ ಕಡೆ ನೋಡುತ್ತಿದ್ದರು. ಸರಿ ಮಾಡಿದರೆ "ಭಾಳ ಚಲೋ ಆತ್ರಿ." ಸಣ್ಣ ಮಕ್ಕಳಿಗೆ ನನ್ನನ್ನು ತೋರಿಸಿ, "ಅಕ್ಕಾರ್ನ ನೋಡಿ ಕಲೀರಿ, ಇಂಥಾ ಕಾಲಿನಾಗೂ ಬರತಾರ" ಅನ್ನುತ್ತಿದ್ದರು. ಇಂಥಾ ಕಾಲು. ಆ ಮಾತಿಗೆ ಕುರ್ಚಿಯ ತಾಯಂದಿರು ಲೊಚಗುಟ್ಟುತ್ತಿದ್ದರು. ಕನಿಕರದ ಆ ಸದ್ದನ್ನು ದ್ವೇಷಿಸಿದಷ್ಟು ಇನ್ನಾವುದನ್ನೂ ನಾನು ದ್ವೇಷಿಸಿಲ್ಲ, ಲಿಗಮೆಂಟು ಹರಿದಾಗಿನ ಸದ್ದನ್ನೂ ಸಹ.

ಜೋಡಿ ಕಟ್ಟಿ ಹೊಡೆದಾಡುವ ದಿನ ನಾನೇ ಹೋಗಿ ಅಗಡಿಯ ಹುಡುಗಿಯ ಎದುರು ನಿಂತೆ. ಅವಳು ಒದ್ದದ್ದು ಸೀರೆಗೆ ಹತ್ತಿದ ಧೂಳು ಜಾಡಿಸಿದ ಹಾಗಿತ್ತು. "ಹೊಡಿಯೇ" ಅಂದೆ. "ಬ್ಯಾಡ್ರಿ ಅಕ್ಕಾರ, ನಿಮಗ ಹತ್ತಿದ್ರ?" ಅಂದಳು. ಸಿಟ್ಟು ನೆತ್ತಿಗೇರಿ ತಿರುಗಿ ಒದ್ದೆ. ಕಾಲು ಎದ್ದಿತು, ಬೇಕಾದ ಎತ್ತರಕ್ಕೇ ಎದ್ದಿತು, ಕಾಣಲು ಚಂದವೇ ಇದ್ದಿರಬೇಕು. ಆದರೆ ಕೊನೆ ಗಳಿಗೆಯಲ್ಲಿ ಒಳಗಿನಿಂದ ಒಂದು ಅಂಜಿಕೆ ಹಿಡಿದೆಳೆಯಿತು. ಒದೆ ಅವಳ ಪಕ್ಕೆಗೆ ತಾಗಿತೋ ಇಲ್ಲವೋ ಅನ್ನುವಂತೆ ತಾಗಿ ಕೆಳಗಿಳಿಯಿತು. ನನ್ನ ಜನ್ಮದಲ್ಲಿ ಅಷ್ಟು ಸಪ್ಪೆ ಒದೆ ಒದ್ದಿರಲಿಲ್ಲ. ಬಣ್ಣ ಇತ್ತು, ಖಾರ ಇರಲಿಲ್ಲ. ಅದು ನನಗೆ ಗೊತ್ತು, ಸರ್‌ಗೂ ಗೊತ್ತು. ಈಗ ಕೂಗುತ್ತಾರೆ ಎಂದು ಕಿವಿ ತೆರೆದು ನಿಂತೆ.

"ಭಾಳ ಚಲೋ ಆತ್ರಿ" ಅಂದರು ಸರ್. ತಾಯಂದಿರು ಚಪ್ಪಾಳೆ ತಟ್ಟಿದರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಸರ್, ನನಗ ಬೈರಿ" ಅಂದೆ. ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಕಕ್ಕುಲಾತಿಯಿಂದ ನನ್ನ ಮುಖ ನೋಡಿ, "ಅಯ್ಯ, ನಿಮಗ್ಯಾಕ ಬೈಲ್ರಿ ಅಕ್ಕಾರ?" ಅಂದರು. ಆಮೇಲೆ ಕುರ್ಚಿಯನ್ನು ನನ್ನತ್ತ ಸರಿಸಿ, ನನ್ನ ಹೆಗಲ ಮೇಲಿಂದ ಹಾಯ್ದು ಹೋಗುವಂತೆ ಸಾಲಿನತ್ತ ಕೂಗಿದರು.

"ಏ, ನೀನು. ಏನದು ಒದಿಯೋದು? ಬ್ಯಾಡಗಿ ಕಾಯಿ. ಬರೇ ಬಣ್ಣ. ಖಾರ ಎಲ್ಲಿಟ್ಟು ಬಂದಿ?"

ಎಲ್ಲರೂ ನಕ್ಕರು. ಸಾಲಿನ ಬಲತುದಿಗೆ ಮರಳಿದ್ದ ಅಗಡಿಯ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಕಾಲೆತ್ತಿದಳು. ಅವಳು ಬ್ಯಾಡಗಿಯವಳೂ ಅಲ್ಲ.